ಬಾಗಿಲಿಲ್ಲದ ಗೆರೆ

ಜೋಳದ ದಂಟಿನ ಬೆಂಡನ್ನು ಸೀಳಿ, ಜಾಲಿಮುಳ್ಳಿನಿಂದ ಪೋಣಿಸಿ, ದಡ್ಡಿ ಎಂಬ ಊರಿನ ಕೂಲಿಕಾರ ಲಗಮಪ್ಪನ ಮಗಳು ನಂದಿನಿ ಕಟ್ಟಿದ್ದ ಸಭಾಭವನದ ಮಾದರಿ ಹಿಂದೊಮ್ಮೆ ವಾಸ್ತುಶಿಲ್ಪ ಕಾಲೇಜಿನ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ ಗಳಿಸಿತ್ತು. ಉಳಿದವರ ಮಾದರಿಗಳು ನುಣುಪು ಹಲಗೆಯಲ್ಲಿ ಹೊಳೆಯುತ್ತಿದ್ದವು. ಇವಳದು ಹೊಲದ ವಾಸನೆ ಬೀರುತ್ತಿತ್ತು. ನಕ್ಕವರೇ ಕೊನೆಗೆ ಚಪ್ಪಾಳೆ ತಟ್ಟಿದರು. ಅಂದಿನಿಂದ ತನ್ನ ಕೈ ಎಳೆದ ಗೆರೆಯ ಮೇಲೆ ಅವಳಿಗೆ ಅಚಲವಾದ ನಂಬಿಕೆ.

ಅಂಥವಳಿಗೆ ಮೇಲವಂಕಿಯ ಕುರುಬ ಖಂಡೆಪ್ಪನ ಮಾತು ನಗೆ ತರಿಸದೆ ಇದ್ದೀತೆ? ಘಟಪ್ರಭಾದಲ್ಲಿ ಕಚೇರಿ ತೆರೆದ ಮೇಲೆ ಅವಳಿಗೆ ದೊರೆತ ಮೊದಲ ಮನೆ ಕಟ್ಟುವ ಕೆಲಸ ಅವನದು. ಪಾಯದ ಗುರುತು ಹಾಕಲು ತಮ್ಮ ಸ್ವಪ್ನಿಲನನ್ನು ಕರೆತಂದಿದ್ದಳು. ಅವನು ಗುರುತಿನ ಒಳಗೆ ನಿಂತು ಅಳತೆಪಟ್ಟಿ ಹಿಡಿದಿದ್ದ. ಅವಳು ಹೊರಗಿನಿಂದ ಸುಣ್ಣದ ಪುಡಿ ಉದುರಿಸುತ್ತಿದ್ದಳು.

"ಮ್ಯಾಡಮ್ಮಾರ, ಬಾಗಲಾ ಬರೂ ಕಡೆ ಗೆರಿ ಕೂಡಿಸಬ್ಯಾಡ್ರಿ," ಎಂದ ಖಂಡೆಪ್ಪ. "ಹಿಂದ ಒಬ್ಬ ಮಾಟಗಾರ, ಹೇಣ್ತಿ ಓಡಿ ಹೋಗಬಾರದಂತ, ಈ ನೆಲಕ್ಕ ಕಟ್ಟು ಹಾಕ್ಯಾನ. ಗೆರಿ ಕೂಡಿತಂದ್ರ ಒಳಗಿದ್ದವ್ರು ಒಳಗ."

"ಕಾಕಾ, ಪಾಯಾ ಬಾಗಲದ ಬುಡಕೂ ಹೋಗತೈತಿ. ಬಾಗಲಾ ಇರೂದು ಗ್ವಾಡ್ಯಾಗ, ನೆಲದಾಗಲ್ಲ. ನಿಮ್ಮ ಮಾಟಗಾರಗ ಇಷ್ಟೂ ತಿಳೀಲಿಲ್ಲೇನು?"

"ಅಕ್ಕಾ, ನನ್ನ ಒಳಗಿಟ್ಟು ಕೀಲಿ ಜಡೀಬ್ಯಾಡ ಮತ್ತ," ಎಂದು ಸ್ವಪ್ನಿಲ ನಕ್ಕ. "ನನ್ನ ಊಟಾ ಆಗಿಲ್ಲ."

ಅವಳೂ ನಕ್ಕಳು. ನಗುತ್ತಲೇ ಗೆರೆ ಕೂಡಿಸಿದಳು.

ಗಾಳಿ ನಿಂತಿತು. ದೂರದ ಕುರಿಗಳ ಕೊರಳಗಂಟೆಗಳು ಒಮ್ಮೆಲೆ ಅಡಗಿದವು. ನೆಲದಡಿ ಕಾಳು ತುಂಬಿಡುವ, ಬಹುಕಾಲ ಮುಚ್ಚಿದ್ದ ಹಗೇವಿನ ಬಾಯಿ ತೆರೆದಾಗ ಏಳುವಂಥ, ಕೊಳೆತ ಕಾಳಿನ, ಉಸಿರುಗಟ್ಟಿಸುವ ವಾಸನೆ ನೆಲದಿಂದ ಎದ್ದಿತು. ಹೊರಗೆ ಮಟಮಟ ಮಧ್ಯಾಹ್ನ. ಗೆರೆಯ ಒಳಗೆ ಮಾತ್ರ ಕತ್ತಲೆ, ಬಾವಿಗೆ ನೀರು ಬರುವಂತೆ, ತಳದಿಂದ ಏರುತ್ತಿತ್ತು. ಸ್ವಪ್ನಿಲನ ಮೊಣಕಾಲು ಮುಳುಗಿತು. ಎದೆ ಮುಳುಗಿತು. ಅವನು ಅಕ್ಕನತ್ತ ನಡೆದ, ನಡೆದೇ ನಡೆದ, ಒಂದು ಗೇಣೂ ಹತ್ತಿರವಾಗಲಿಲ್ಲ.

ನಂದಿನಿ ಸುಣ್ಣವನ್ನು ಕಾಲಿನಿಂದ ಅಳಿಸಿದಳು. ಅಡಿಯ ಮಣ್ಣೂ ಬೆಳ್ಳಗಿತ್ತು. ಸಲಿಕೆಯಿಂದ ಕೆತ್ತಿದಳು. ಅದರ ಅಡಿಯೂ ಬಿಳುಪೇ. ಒಳಗೆ ಚಾಚಿದ ಅಂಗೈ ಕಾಣದ ಕಲ್ಲಿಗೆ ಬಡಿದು ಹಿಂದೆ ಬಂತು. ಖಂಡೆಪ್ಪ ಹೆಂಡತಿಯನ್ನು ಕೂಗುತ್ತ ಕುರಿದೊಡ್ಡಿಯತ್ತ ಓಡಿದ.

"ಅಕ್ಕಾ, ಕಣ್ಣು ಕಾಣವಲ್ಲವು. ಏನರ ಮಾತಾಡ. ನಿನ್ನ ದನೀ ಹಿಡಕೊಂಡು ನಿಂತೇನಿ."

"ಏನ್ ಹೇಳ್ಲೋ ತಮ್ಮಾ?"

"ಆ ಬೆಂಡಿನ ಕಥಿ ಹೇಳ. ನಕ್ಕಾವ್ರು ಚಪ್ಪಾಳಿ ಹೊಡದದ್ದು."

ಹೇಳಿದಳು. ಯಾವ ಗೆಲುವು ಅವಳ ಬದುಕಿಗೆ ಆಧಾರವಾಗಿತ್ತೋ, ಅದು ಈಗ ತೊದಲುವ ನಾಲಗೆಯ ಮೇಲೆ ಬರಿಯ ಸದ್ದಾಗಿತ್ತು.

ಖಂಡೆಪ್ಪನ ಹೆಂಡತಿ ಮಾಯವ್ವ ಬಂದವಳೇ ಹೆಗಲಿನ ಕರಿಯ ಕಂಬಳಿಯನ್ನು ಗೆರೆಯ ಮೇಲೆ ಅಡ್ಡ ಬೀಸಿದಳು. ಅದರ ಅರ್ಧ ಕತ್ತಲೆಯಲ್ಲಿ ಕರಗಿತು.

"ಇದರ ಮ್ಯಾಲ ತೆವಳಿ ಬರಲಿ. ಆದ್ರ ಕೇಳವ್ವಾ, ಒಳಗ ಸಿಕ್ಕದ್ದು ಪೂರಾ ಹೊರಗ ಬರೂದಿಲ್ಲ. ಏನರ ಒಂದು ಅಲ್ಲೇ ಉಳೀತೈತಿ. ಏನಂತ ನನ್ನ ಕೇಳಬ್ಯಾಡ."

"ಏನರ ಉಳೀಲಿ! ಅವಾ ಬರಲಿ!"

ಉಣ್ಣೆ ಸುಟ್ಟ ನಾತ. ಕಂಬಳಿ ಅಲುಗಿತು. ಒಂದು ಬೆರಳು. ಒಂದು ಕೈ. ನಂದಿನಿ ಹಿಡಿದಳು. ಎಳೆದಳು. ಒಳಗಿನಿಂದಲೂ ಯಾರೋ ಎಳೆದರು. ತಲೆ. ಹೆಗಲು. ಸೊಂಟ. ಬಂದ. ಬಿದ್ದ. ಉಸಿರಿತ್ತು.

ಅವಳು ಅವನ ಕೈ ಮುಟ್ಟಿದಳು, ಕಾಲು ಮುಟ್ಟಿದಳು, ರೆಪ್ಪೆ ಬಿಡಿಸಿ ಕಣ್ಣು ನೋಡಿದಳು. "ಏನೂ ಕಳದಿಲ್ಲ! ಎಲ್ಲಾ ಐತಿ! ಮಾತಾಡೋ ಸ್ವಪ್ನಿಲ, ಏನರ ಮಾತಾಡ!"

ಸ್ವಪ್ನಿಲ ಬಾಯಿ ತೆರೆದ. ತುಟಿಗಳು ಅಲುಗಿದವು. ಸದ್ದಿಲ್ಲ.

ಮಾಯವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆಗ ಅವರ ಬೆನ್ನ ಹಿಂದೆ, ಯಾರೂ ಇಲ್ಲದ ಆ ಗೆರೆಯ ನಡುವಿನ ಕತ್ತಲೆಯೊಳಗಿಂದ, ಅವನದೇ ದನಿ ತಡವರಿಸುತ್ತ ಬಂತು:

"ಅಕ್ಕಾ, ಎಲ್ಲಿ ಹೋದಿ? ಯಾಕ ಸುಮ್ಮನಾದಿ? ಆ ಕಥಿ ಇನ್ನೊಂದ್ಸಲ ಹೇಳ."