ಅಪ್ಪನ ಸ್ಪ್ಯಾನರ್

"ಈ ಸದ್ದು ಗಾಳೀಲಿ ಬರ್ತಿಲ್ಲ ಮೇಡಂ, ಗೋಡೇಲಿ ಬರ್ತಿದೆ. ಇಲ್ಲಿ ಕೈ ಇಡಿ."

ಹೀಟ್ ಪಂಪ್ ರಿಪೇರಿಗೆ ಕುಂದಾಣದಿಂದ ಬಂದ ಭೀಮರಾಜ್ ಆಡಿದ ಮೊದಲ ಮಾತು ಇದು. ಕೈ ಇಟ್ಟೆ. ಗೋಡೆ ಸಣ್ಣಗೆ ನಡುಗುತ್ತಿತ್ತು. ಅವನ ಕೈ ಒಂದು ಗೇಣು ದೂರದಲ್ಲಿತ್ತು. ವರ್ಷದಿಂದ ಯಾರ ಕೈಯೂ ನನಗೆ ಅಷ್ಟು ಹತ್ತಿರ ಬಂದಿರಲಿಲ್ಲ.

ವಿಜಯಪುರದ ನಮ್ಮ ಮನೆಯಲ್ಲಿ ಅಪ್ಪ ಇದ್ದಾಗ ರೇಷ್ಮೆಗೆ ಹುರಿ ಹಾಕುವ ಮಿಷನ್‌ಗಳು ಹಗಲೆಲ್ಲ ಗದ್ದಲ ಮಾಡುತ್ತಿದ್ದವು. ಹೋದ ವರ್ಷ ಅಪ್ಪ ಹೋದರು, ಮಿಷನ್‌ಗಳೂ ಹೋದವು. ಶೆಡ್ಡನ್ನು ಪಿಜಿ ಮಾಡಿ, ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಆರು ಹುಡುಗಿಯರಿಗೆ ಕೊಟ್ಟೆ. ಬಿಸಿನೀರಿಗೆ ಹೀಟ್ ಪಂಪ್ ಹಾಕಿಸಿದೆ. ರಾತ್ರಿ ಡ್ಯೂಟಿ ಮುಗಿಸಿ ಬರುವ ಅವರು ಹಗಲೆಲ್ಲ ಮಲಗುತ್ತಾರೆ. ಮನೆ ತುಂಬ ಜನ, ಮಾತಿಗೆ ಒಬ್ಬರಿಲ್ಲ. ನನ್ನ ಮನೆಯಲ್ಲಿ ನಾನೇ ಕಳ್ಳಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಪಂಪಿನ ಗುಂಯ್ ನಿಲ್ಲದಿದ್ದರೆ ಖಾಲಿ ಮಾಡುತ್ತೇವೆ ಎಂದು ಹುಡುಗಿಯರು ಮುಖ ಊದಿಸಿಕೊಂಡಿದ್ದರು.

ಭೀಮರಾಜ್ ಪಂಪನ್ನು ಗೋಡೆಯಿಂದ ಒಂದಡಿ ಈಚೆಗೆ ಸರಿಸಿದ. ಅದರ ಕಾಲುಗಳ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಕೊಟ್ಟ. ಗಟ್ಟಿ ಪೈಪಿನ ನಡುವೆ ಬಾಗುವ ಹೋಸ್ ಸೇರಿಸಿ, ಬೋಲ್ಟುಗಳನ್ನು ಹದವಾಗಿ ತಿರುಗಿಸಿದ. ಗೋಡೆ ಸುಮ್ಮನಾಯಿತು. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ. ಲೋಟ ತೊಳೆಯುವ ಗಂಡಸನ್ನು ನಮ್ಮ ಮನೆ ಕಂಡದ್ದು ಅದೇ ಮೊದಲು.

ಮುಂದಿನ ಬುಧವಾರ ಸದ್ದು ವಾಪಸ್. ಫೋನ್ ಮಾಡಿದೆ. ಬಂದ, ಸರಿಮಾಡಿದ. ಅದರ ಮುಂದಿನ ಬುಧವಾರವೂ ಅದೇ ಕಥೆ.

"ನನ್ನ ಕೆಲಸಾನೇ ಸರಿಯಿಲ್ವೇನೋ ಮೇಡಂ."

"ನನ್ನ ಕಾಫಿ ಸರಿಯಿದೆಯಾ?"

"ಅದರ ಮೇಲೆ ಕಂಪ್ಲೇಂಟ್ ಇಲ್ಲ." ಓರೆಗಣ್ಣಲ್ಲಿ ನೋಡಿ ನಕ್ಕ.

ಆಮೇಲೆ ಪ್ರತಿ ಬೋಲ್ಟಿನಿಂದ ಕೆಳಗಿನ ತಗಡಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದ. "ಬೋಲ್ಟ್ ತಿರುಗಿದ್ರೆ ಗೆರೆ ಮುರಿಯುತ್ತೆ. ರಬ್ಬರ್ ಸ್ವಲ್ಪ ಅಲ್ಲಾಡ್ಬೇಕು ಮೇಡಂ. ಜಾಸ್ತಿ ಬಿಗಿದ್ರೆ ನಡುಕ ಎಲ್ಲಾ ಗೋಡೆಗೇ ಹೋಗುತ್ತೆ."

ಅಪ್ಪ ಪ್ರತಿ ಮಂಗಳವಾರ ಮಿಷನ್ ನಿಲ್ಲಿಸಿ, ಒರೆಸಿ, ಒಂದೊಂದೇ ಬೋಲ್ಟ್ ಬಿಗಿಯುತ್ತಿದ್ದರು. ಬಿಗಿದಷ್ಟೂ ಸದ್ದು ಕಡಿಮೆ ಎಂದು ನನಗೂ ಕಲಿಸಿದ್ದರು. ಈಗ ಮಂಗಳವಾರ ಬಂದರೆ ಬಿಗಿಯಲು ಉಳಿದದ್ದು ಈ ಹೀಟ್ ಪಂಪ್ ಒಂದೇ. ಪ್ರತಿ ವಾರ ಅದನ್ನೇ ಬಿಗಿಯುತ್ತಿದ್ದೆ.

ಗೊತ್ತಾದ ಮೇಲಾದರೂ ಬಿಡಬೇಕಿತ್ತು. ಮಂಗಳವಾರ ಬೆಳಿಗ್ಗೆ ಪಂಪಿನ ಮುಂದೆ ನಿಂತೆ. ಸದ್ದಿಲ್ಲ. ಸದ್ದಿಲ್ಲದಿದ್ದರೆ ಅವನು ಯಾಕೆ ಬರುತ್ತಾನೆ? ಅಪ್ಪನ ಸ್ಪ್ಯಾನರ್ ಹಾಕಿ ನಾಲ್ಕು ಬೋಲ್ಟನ್ನೂ ಬಿಗಿದೆ. ನಾಚಿಕೆಯಾಯಿತು. ಆದರೂ ಬುಧವಾರಕ್ಕೆ ಒಂದು ಒಳ್ಳೆಯ ಸೀರೆ ತೆಗೆದಿಟ್ಟೆ.

ಮರುದಿನ ಫೋನ್ ಮಾಡಿದೆ. ಬಂದವನು ಮುರಿದ ಗೆರೆಗಳನ್ನು ತುಂಬ ಹೊತ್ತು ನೋಡಿದ.

"ಮೊದಲೆರಡು ಸಲ ಅಭ್ಯಾಸ," ಎಂದೆ. "ಈ ಸಲ ಬೇಕಂತಲೇ ಮಾಡ್ದೆ. ಬೈಯೋದಿದ್ರೆ ಮೆಲ್ಲಗೆ ಬೈರಿ, ಹುಡುಗೀರು ಮಲಗಿದಾರೆ."

"ಬೋಲ್ಟಿನ ಮೇಲೆ ಸ್ಪ್ಯಾನರ್ ಗುರುತು ಎರಡನೇ ಸಲಾನೇ ನೋಡಿದ್ದೆ. ಬಿಗೀಬೇಡಿ ಅಂತ ಫೋನಲ್ಲೇ ಹೇಳ್ಬಹುದಿತ್ತು."

"ಮತ್ತೆ ಆ ಗೆರೆ?"

"ವಿಷಯ ಗೊತ್ತಾದ ಮೇಲೂ ನನ್ನನ್ನ ಕರೀತೀರಾ ನೋಡೋಣ ಅಂತ." ಕಿವಿಯವರೆಗೂ ಕೆಂಪಾಗಿದ್ದ. "ಒಂದು ವಾರದಿಂದ ಫೋನ್ ಕೈಯಲ್ಲೇ ಹಿಡ್ಕೊಂಡಿದೀನಿ."

ನನಗೆ ಅಳು ಬಂತು. ತಡೆಯಲಿಲ್ಲ.

ಅವನು ಬೋಲ್ಟುಗಳನ್ನು ಸಡಿಲಿಸಿ ಹದ ಮಾಡಿದ. ಎದ್ದು ಕೈ ಚಾಚಿದ. "ಆ ಸ್ಪ್ಯಾನರ್ ನನ್ನ ಹತ್ರ ಇರ್ಲಿ, ರಮ್ಯಾ."

ಮೇಡಂ ಬಿಟ್ಟು ಹೆಸರು ಹಿಡಿದದ್ದು ಅದೇ ಮೊದಲು.

"ಅದು ಅಪ್ಪಂದು. ಮಂಗಳವಾರ ಬಂದ್ರೆ ನಾನೇನು ಮಾಡ್ಲಿ?"

"ನಾನೇ ತಗೊಂಡ್ ಬರ್ತೀನಿ. ಪ್ರತಿ ಮಂಗಳವಾರ."

ಯಾರ ಕೈಗೂ ಕೊಡದ ಸ್ಪ್ಯಾನರನ್ನು ಅವನ ಅಂಗೈಯಲ್ಲಿಟ್ಟೆ. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.