ಜಪ್ತಿ ಕಾರಿನ ಎಂಜಿನ್

ಮಂಗಳವಾರ ಬೆಳಿಗ್ಗೆ 10.40ಕ್ಕೆ ಸೋಫಾ ಅಂಗಡಿಯ ಮಾಲೀಕ ಕೋರ್ಟಿನ ಆದೇಶ ಹಿಡಿದು ಠಾಣೆಗೆ ಬಂದ. ಅಪಘಾತದ ಕೇಸಿನಲ್ಲಿ ಜಪ್ತಿಯಾದ ಅವನ ದೊಡ್ಡ ಕಾರು ಐದು ತಿಂಗಳಿಂದ ಠಾಣೆಯ ಹಿಂದಿನ ಅಂಗಳದಲ್ಲಿ ನಿಂತಿತ್ತು. 10.55ಕ್ಕೆ ಅದೇ ಮನುಷ್ಯ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ನಿಂತಿದ್ದ. ಕೈಯಲ್ಲಿ ಕೀ ಇತ್ತು, ಮುಖ ಬಿಳುಚಿತ್ತು.

"ಯಾಕೆ, ಸ್ಟಾರ್ಟ್ ಆಗ್ತಿಲ್ವಾ?"

"ಹೇಗೆ ಆಗುತ್ತೆ ಸರ್? ಕಾರಿದೆ. ಎಂಜಿನ್ನೇ ಇಲ್ಲ."

ಇನ್‌ಸ್ಪೆಕ್ಟರ್ ಎದ್ದು ಹೋಗಿ ನೋಡಿದರು. ಬಾನೆಟ್ಟಿನ ಕೆಳಗೆ ಗುಡಿಸಿಟ್ಟ ಕೋಣೆಯ ಹಾಗೆ ಜಾಗ ಖಾಲಿಯಿತ್ತು. ಎಂಜಿನ್, ಗೇರ್‌ಬಾಕ್ಸ್, ಕಂಪ್ಯೂಟರ್ ಡಬ್ಬಿ, ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗಿದ್ದವು. ಅವರ ಕಿಟಕಿಯಿಂದ ಆ ಕಾರಿಗೆ ಹದಿನೆಂಟೇ ಹೆಜ್ಜೆ. ಪೊಲೀಸರ ಕಾವಲಿನಲ್ಲಿದ್ದ ಮಾಲು ಪೊಲೀಸರ ಮೂಗಿನ ಕೆಳಗೇ ಮಾಯವಾಗಿತ್ತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇಂಥ ಅವಮಾನ ಅವರಿಗೆ ಆಗಿರಲಿಲ್ಲ. ಕಳ್ಳ ಸಿಗದಿದ್ದರೆ ಹೋಗುವುದು ಅವರ ಕೆಲಸವೇ.

11.20ಕ್ಕೆ ಎಫ್‌ಐಆರ್ ದಾಖಲಾಯಿತು. ಠಾಣೆಯ ದಫ್ತರವನ್ನೆಲ್ಲ ನೋಡಿಕೊಳ್ಳುವ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಅನ್ನು ಎಲ್ಲರೂ ರೈಟರಮ್ಮ ಎನ್ನುತ್ತಿದ್ದರು. ಎದುರಿನ ಜೆರಾಕ್ಸ್ ಅಂಗಡಿಯಿಂದ ಇಬ್ಬರು ಪಂಚರನ್ನು ಕರೆಸಿ ಅವರೇ ಪಂಚನಾಮೆ ಬರೆದರು.

"ಸರ್, ಇಲ್ಲೊಂದು ವಿಚಿತ್ರ ಇದೆ," ಎಂದರು. "ಬಿಚ್ಚಿದ ಬೋಲ್ಟುಗಳನ್ನೆಲ್ಲ ಆಯಾ ತೂತಿಗೇ ವಾಪಸ್ ತಿರುಗಿಸಿಟ್ಟಿದ್ದಾನೆ. ಪೆಟ್ರೋಲ್ ಪೈಪಿಗೆ ಬಿರಡೆ ಕೂಡ ಹಾಕಿದ್ದಾನೆ."

"ಅಚ್ಚುಕಟ್ಟು ಕಳ್ಳ. ಅದನ್ನೂ ಬರ್ಕೊಳ್ಳಿ."

ಮಧ್ಯಾಹ್ನ 12ಕ್ಕೆ ಇನ್‌ಸ್ಪೆಕ್ಟರ್ ಗುಜರಿ ಬೀದಿಗೆ ಹೊರಟರು. ಅದು ಗುಡ್ಡದ ಮೇಲೆ, ಮೇಲಿನ ಬಡಾವಣೆಯ ಬಾಯಲ್ಲೇ ಇತ್ತು. ಠಾಣೆಗಿದ್ದದ್ದು ಒಂದೇ ಒಂದು ಸಣ್ಣ ಕಾರು. ಅದನ್ನು ಓಡಿಸುತ್ತಿದ್ದವನು ಹದಿನಾಲ್ಕು ವರ್ಷದಿಂದ ಠಾಣೆಯಲ್ಲಿದ್ದ ಡ್ರೈವರ್. ಗೇರಣ್ಣ ಎಂದರೆ ಮಾತ್ರ ತಿರುಗಿ ನೋಡುತ್ತಿದ್ದ. ಹಿಂದೆ ಆ ಕಾರು ನಾಲ್ಕು ಜನ ಕೂತರೆ ಗುಡ್ಡದ ಏರಿನ ಎರಡನೇ ತಿರುವಿನಲ್ಲಿ ಏದುಸಿರು ಬಿಟ್ಟು ನಿಂತೇಬಿಡುತ್ತಿತ್ತು. ದೊಡ್ಡ ಗಾಡಿ ಕೊಡಿ ಎಂದು ಇನ್‌ಸ್ಪೆಕ್ಟರ್ ಮೇಲಧಿಕಾರಿಗಳಿಗೆ ಹನ್ನೊಂದು ಪತ್ರ ಬರೆದಿದ್ದರು. ಹನ್ನೊಂದಕ್ಕೂ ಒಂದೇ ಉತ್ತರ: ಅನುದಾನ ಲಭ್ಯವಿಲ್ಲ. ಈಚೆಗೆ ಮಾತ್ರ ಆ ಸಣ್ಣ ಕಾರಿಗೆ ಏನೋ ಹುರುಪು ಬಂದಿತ್ತು. ಅವತ್ತು ಮೂರನೇ ಗೇರಿನಲ್ಲೇ ಎರಡನೇ ತಿರುವು ದಾಟಿತು.

"ಎಂಜಿನ್ನಿನ ಕಾರ್ಬನ್ ತೆಗೆಸಿದ್ದು ಒಳ್ಳೇದಾಯ್ತು ಕಣೋ," ಎಂದರು ಇನ್‌ಸ್ಪೆಕ್ಟರ್.

ಗೇರಣ್ಣ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೂಂ ಸರ್."

ಗುಜರಿ ಬೀದಿಯಲ್ಲಿ ಸಿಕ್ಕಿದ್ದು ಮೂದಲಿಕೆ ಮಾತ್ರ. ಮೊದಲ ಅಂಗಡಿಯವ ತಲೆಯಾಡಿಸಿದ. ಎರಡನೆಯವನು ಮೂಗು ಮುರಿದ. ಮೂರನೆಯವನಿಗೆ ನಗು ತಡೆಯಲಾಗಲಿಲ್ಲ.

"ಠಾಣೆಯಿಂದಲೇ ಹೋಯ್ತಾ ಸರ್? ಹಾಗಾದ್ರೆ ನಾವು ಕಂಪ್ಲೇಂಟ್ ಕೊಡೋದೆಲ್ಲಿ?"

"ನಗೋದು ಸಾಕು. ಬೋಲ್ಟುಗಳನ್ನೆಲ್ಲ ತೂತಿಗೇ ಹಾಕಿಟ್ಟು ಎಂಜಿನ್ ಒಯ್ದಿದ್ದಾನೆ. ಯಾರಾದ್ರೂ ತಂದಿದ್ರಾ?"

"ತಂದಿಲ್ಲ. ಮಾರೋ ಕಳ್ಳ ಬೋಲ್ಟನ್ನೂ ಬಿಡಲ್ಲ ಸರ್. ಅದಕ್ಕೂ ಬೆಲೆ ಇದೆ. ಬೋಲ್ಟನ್ನ ತೂತಿಗೆ ಹಾಕಿಟ್ಟವನು ವಾಪಸ್ ಜೋಡಿಸೋ ಯೋಚನೆಯಲ್ಲಿರೋನು."

ಬುಧವಾರ ಇಡೀ ದಿನ ಗ್ಯಾರೇಜುಗಳನ್ನು ಸುತ್ತಿದರು. ಹದಿನಾರು ಗ್ಯಾರೇಜು, ಹದಿನಾರು ಇಲ್ಲ. ಮೇಲಧಿಕಾರಿಯ ಫೋನು ಮೂರು ಸಲ ಬಂತು, ಪ್ರತಿ ಸಲವೂ ದನಿ ಏರಿತ್ತು. ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಠಾಣೆಗೆ ಬಂದು ಟೋಪಿಯನ್ನು ಮೇಜಿನ ಮೇಲೆ ಎಸೆದರು. ತಲೆಯ ಮೇಲೆ ಫ್ಯಾನು ಇರಲಿಲ್ಲ. ರಿಪೇರಿಗೆಂದು ಸೋಮವಾರವೇ ಗೇರಣ್ಣ ಅದನ್ನು ಇಳಿಸಿಕೊಂಡು ಹೋಗಿದ್ದ. ಹಲ್ಲು ಕಡಿಯುತ್ತ ಮೇಲೆ ನೋಡಿದವರು ಹಾಗೇ ನೋಡುತ್ತ ಉಳಿದರು. ಖಾಲಿ ಕೊಂಡಿಯ ತೂತುಗಳಲ್ಲಿ ನಾಲ್ಕೂ ಸ್ಕ್ರೂಗಳು ಅವುಗಳ ಜಾಗದಲ್ಲೇ ತಿರುಗಿ ಕೂತಿದ್ದವು.

ಅವರಿಗೆ ತಕ್ಷಣ ಸಿಟ್ಟು ಬಂತು, ತಮ್ಮ ಮೇಲೆಯೇ. ಗೇರಣ್ಣನ ಬಗ್ಗೆ ಇಂಥ ಯೋಚನೆ ಹೊಳೆಯಬಾರದಿತ್ತು.

"ರೈಟರಮ್ಮ, ಅಂಗಳದ ರಿಜಿಸ್ಟರ್ ತನ್ನಿ."

ಜಪ್ತಿಯಾದ ಗಾಡಿಗಳ ಬ್ಯಾಟರಿ ಸಾಯದಿರಲೆಂದು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಗೇರಣ್ಣನ ಕೆಲಸ. ಪ್ರತಿ ಸೋಮವಾರ ಒಂಬತ್ತು ಗಾಡಿಗಳ ಮುಂದೆಯೂ ಅವನ ದುಂಡು ಅಕ್ಷರ: ಸ್ಟಾರ್ಟ್ ಮಾಡಲಾಯಿತು. ಎರಡು ತಿಂಗಳಿಂದ ಈಚೆಗೆ ಸೋಫಾ ಅಂಗಡಿಯವನ ಕಾರಿನ ಮುಂದೆ ಮಾತ್ರ ಬೇರೆ ಬರಹವಿತ್ತು: ನೋಡಲಾಯಿತು.

"ಸುಳ್ಳು ಬರೆಯೋಕೂ ಬರಲ್ಲ ಇವನಿಗೆ," ಎಂದರು ರೈಟರಮ್ಮ. ಅವರ ದನಿ ಕುಗ್ಗಿತ್ತು. "ಸರ್, ಎರಡು ತಿಂಗಳ ಹಿಂದೆ ನೀವು ಆರು ದಿನ ಟ್ರೇನಿಂಗಿಗೆ ಹೋಗಿದ್ರಿ. ಆಗ ನಮ್ಮ ಕಾರು ಸರ್ವೀಸಿಗೆ ಅಂತ ನಿಂತಿತ್ತು. ಹಗಲಲ್ಲೇ, ಅಂಗಳದಲ್ಲೇ. ರಿಪೇರಿ ಮಾಡ್ತಿದ್ದಾನೆ ಅಂತ ನಾನೇ ಟೀ ಕಳಿಸಿದ್ದೆ."

4.25ಕ್ಕೆ ಇನ್‌ಸ್ಪೆಕ್ಟರ್ ಠಾಣೆಯ ಸಣ್ಣ ಕಾರಿನ ಬಾನೆಟ್ ತಾವೇ ಎತ್ತಿದರು. ಒಳಗೆ ಸೂಜಿ ತೂರಿಸಲೂ ಜಾಗವಿರಲಿಲ್ಲ. ಎಂಜಿನ್ನನ್ನು ಹಿಡಿದು ಕೂರಿಸಿದ್ದ ಕಬ್ಬಿಣದ ಪಟ್ಟಿಯ ಮೇಲೆ ಹಸಿರು ಬಣ್ಣವಿತ್ತು. ಪಹರೆಯವರ ಕೋಣೆಯಲ್ಲಿ ಮುರಿದುಬಿದ್ದಿದ್ದ ಮಂಚದ ಬಣ್ಣ ಅದು. ರೈಟರಮ್ಮ ಟಾರ್ಚ್ ಹಿಡಿದು ಎಂಜಿನ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ಎಫ್‌ಐಆರ್‌ನಲ್ಲಿದ್ದ ನಂಬರೇ ಅದು. ಕಳುವಾದ ಮಾಲಿನ ಮೇಲೆ ಕೂತೇ ಅವರು ಎರಡು ದಿನ ಕಳ್ಳನನ್ನು ಹುಡುಕಿದ್ದರು.

ಗೇರಣ್ಣ ಫ್ಯಾನು ಹೊತ್ತುಕೊಂಡು ಗೇಟಿನೊಳಗೆ ಬಂದ. ಎತ್ತಿದ ಬಾನೆಟ್ ನೋಡಿ ಫ್ಯಾನನ್ನು ನೆಲದ ಮೇಲೆ ನಿಧಾನವಾಗಿ ಇಟ್ಟ.

"ನಮ್ಮ ಹಳೇ ಎಂಜಿನ್ ಎಲ್ಲಿ?"

"ರೆಕಾರ್ಡ್ ರೂಮಿನ ಹಿಂದೆ ಸರ್. ಟಾರ್ಪಾಲಿನಲ್ಲಿ ಸುತ್ತಿ ಚೀಟಿ ಕಟ್ಟಿದ್ದೀನಿ."

"ವಾಪಸ್ ಹಾಕೋನಿದ್ದೆ ಅನ್ನು."

"ಕೇಸು ಮುಗಿಯೋ ಮುಂಚೆ ಹಾಕ್ತಿದ್ದೆ. ಹತ್ತು ವರ್ಷ ಆದ್ರೂ ಎಳೆಯುತ್ತೆ ಅಂದ್ಕೊಂಡೆ. ಈ ಅಂಗಳದಿಂದ ಐದು ತಿಂಗಳಿಗೆ ಯಾವ ಗಾಡಿ ಹೋಗಿದೆ ಹೇಳಿ ಸರ್?"

ಅಂಗಳದ ಮೂಲೆಯಲ್ಲಿ ಒಂದು ವ್ಯಾನಿನ ಕಿಟಕಿಯಿಂದ ಗಿಡ ಬೆಳೆದು ಹೊರಗೆ ಬಂದಿತ್ತು.

"ನಿನ್ನೆ ಬೆಳಿಗ್ಗೆಯೇ ಬಾಯಿ ಬಿಡೋಕೆ ಏನಾಗಿತ್ತು? ಊರೆಲ್ಲ ಸುತ್ತಿಸಿದೆಯಲ್ಲೋ."

"ಬಾಯಿಗೆ ಬರ್ತಿತ್ತು ಸರ್. ಹೇಳಿದ್ರೆ ಅವತ್ತೇ ಎಂಜಿನ್ ಇಳಿಸ್ತಾರೆ ಅಂತ ನುಂಗ್ಕೊಂಡೆ."

5.10ಕ್ಕೆ ಬಂಧನ ದಾಖಲಾಯಿತು. ಹೇಳಿಕೆ ಬರೆದುಕೊಳ್ಳಲು ಇನ್‌ಸ್ಪೆಕ್ಟರ್ ತಾವೇ ಕೂತರು. ಗೇರಣ್ಣ ತಗ್ಗಿದ ದನಿಯಲ್ಲಿ, ತಡವರಿಸದೆ ಹೇಳಿದ.

"ನಾಲ್ಕು ತಿಂಗಳ ಹಿಂದೆ, ಗುರುವಾರ. ಮೇಲಿನ ಬಡಾವಣೆಯಿಂದ ಟೈಲರಮ್ಮ ಫೋನ್ ಮಾಡಿದ್ರು, ಮೈದುನ ಬಾಗಿಲು ಒಡೀತಿದ್ದಾನೆ ಅಂತ. ನಾವು ಹೊರಟ್ವಿ. ಎರಡನೇ ತಿರುವಲ್ಲಿ ಗಾಡಿ ನಿಂತಿತು. ನೀವೆಲ್ಲ ಇಳಿದು ತಳ್ಳಿದ್ರಿ. ಸ್ಟೇರಿಂಗ್ ಮೇಲಿದ್ದೋನು ನಾನು, ಫೋನು ನನ್ನ ಹತ್ರ ಇತ್ತು. ಬರ್ತಿದ್ದೀರಾ ಅಂತ ಮೂರು ಸಲ ಕೇಳಿದ್ರು. ಮೂರು ಸಲವೂ ಬರ್ತಿದ್ದೀವಿ ಅಂದೆ. ನಾಲ್ಕನೇ ಸಲ ಫೋನ್ ಬರಲಿಲ್ಲ."

ಆ ಮನೆಯ ಮೆಟ್ಟಿಲು ಇನ್‌ಸ್ಪೆಕ್ಟರಿಗೆ ಚೆನ್ನಾಗಿ ನೆನಪಿತ್ತು. ಅಲ್ಲಿ ಸತ್ತು ಬಿದ್ದಿದ್ದ ಆಕೆಯ ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ಇತ್ತು. ಅವರು ಹನ್ನೊಂದು ನಿಮಿಷ ತಡವಾಗಿ ಹೋಗಿದ್ದರು. ಮರುದಿನ ಅಂಗಳದಲ್ಲಿ ನಿಂತು, ಸೋಫಾ ಅಂಗಡಿಯವನ ಕಾರನ್ನು ಒದ್ದು, ಅವರೇ ಅಂದಿದ್ದರು: ಇದರ ಎಂಜಿನ್ ಇಲ್ಲಿ ತುಕ್ಕು ಹಿಡೀತಿದೆ, ನಮ್ಮದಕ್ಕೆ ಹಾಕಿದ್ರೆ ಒಂದು ಜೀವ ಉಳೀತಿತ್ತು.

"ನಾನು ಹೇಳಿದ ಮಾತನ್ನ ಯಾಕೆ ಬಿಟ್ಟೆ?"

"ಅದು ಬೇಸರದಲ್ಲಿ ಆಡಿದ ಮಾತು ಸರ್. ಸ್ಪ್ಯಾನರ್ ಹಿಡಿದೋನು ನಾನು."

ಇನ್‌ಸ್ಪೆಕ್ಟರ್ ಇನ್ನೊಂದು ಹಾಳೆ ತೆಗೆದುಕೊಂಡು ತಮ್ಮ ಮಾತನ್ನು ತಮ್ಮ ಹೆಸರಿನಲ್ಲೇ ಬರೆದರು. ತನಿಖೆಯನ್ನು ಬೇರೆ ಅಧಿಕಾರಿಗೆ ವಹಿಸಬೇಕೆಂದು ಕೋರಿ ಸಹಿ ಹಾಕಿದರು. ಮೇಲಧಿಕಾರಿಗಳಿಗೆ ಅದು ಹನ್ನೆರಡನೇ ಪತ್ರ. ರೈಟರಮ್ಮ ಅದನ್ನು ಓದಿ ಠಸ್ಸೆ ಒತ್ತಿದರು.

ಆರು ಗಂಟೆಗೆ ಠಾಣೆಯ ಸಣ್ಣ ಕಾರನ್ನೂ ಜಪ್ತಿ ಮಾಡಲಾಯಿತು. ಸೋಫಾ ಅಂಗಡಿಯವನ ಕಾರಿನ ಪಕ್ಕಕ್ಕೆ ನಾಲ್ಕು ಜನ ತಳ್ಳಿ ನಿಲ್ಲಿಸಿದರು. ಒಂದಕ್ಕೆ ಎಂಜಿನ್ ಇರಲಿಲ್ಲ, ಇನ್ನೊಂದನ್ನು ಮುಟ್ಟುವಂತಿರಲಿಲ್ಲ. ರಿಜಿಸ್ಟರಿನಲ್ಲಿ ಗಾಡಿಗಳ ಸಂಖ್ಯೆ ಹತ್ತಾಯಿತು.

6.20ಕ್ಕೆ ಫೋನು ಬಡಿದುಕೊಂಡಿತು. ರೈಟರಮ್ಮ ಎತ್ತಿ ಕೇಳಿಸಿಕೊಂಡು, ರಿಸೀವರಿನ ಬಾಯಿಗೆ ಕೈ ಮುಚ್ಚಿದರು.

"ಮೇಲಿನ ಬಡಾವಣೆ ಸರ್. ಹೊಡೆದಾಟ. ಬರ್ತಿದ್ದೀರಾ ಅಂತ ಕೇಳ್ತಿದ್ದಾರೆ."

ಲಾಕಪ್ಪಿನಲ್ಲಿ ಗೇರಣ್ಣ ದಡಕ್ಕನೆ ಎದ್ದು, ಸೊಂಟದ ಪಟ್ಟಿಯಲ್ಲಿ ಕೀ ತಡಕಿದ. ಅದು ಮೇಜಿನ ಮೇಲೆ ಅರಗಿನ ಮೊಹರಿನ ಚೀಲದಲ್ಲಿತ್ತು.

"ಬರ್ತಿದ್ದೀವಿ ಅನ್ನಿ," ಎಂದು ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡು, ಇಬ್ಬರು ಕಾನ್‌ಸ್ಟೆಬಲ್‌ಗಳ ಜೊತೆ ಗೇಟು ದಾಟಿ ಏರಿನ ಕಡೆಗೆ ಓಡತೊಡಗಿದರು.