ಬಾಣಾವರದ ವೈರ್‌ಲೆಸ್ ಸೆಟ್ಟು

ಎರಡು ಸಾವಿರದ ಎರಡರಲ್ಲಿ ಬಾಣಾವರದ ಕಚೇರಿಯ ವೈರ್‌ಲೆಸ್ ಸೆಟ್ಟನ್ನು ಹೊಸ ಕಂಪ್ಯೂಟರಿಗೆ ಜೋಡಿಸಲು ಹೋಗಿದ್ದೆ. ಅಲ್ಲಿನ ಆಪರೇಟರ್ ನಂಜುಂಡಯ್ಯನವರು ತೀರಿಕೊಂಡು ತಿಂಗಳಾಗಿತ್ತು. ಅವರಿದ್ದಾಗ ಅವರದೇ ದನಿಯಲ್ಲಿ ಮಾತಾಡಿ ಸಾಹೇಬರಿಂದ ರಜೆಯನ್ನೇ ಗಿಟ್ಟಿಸಿದ್ದವನು ನಾನು. ಅವರ ಒಣಕೆಮ್ಮೊಂದು ಮಾತ್ರ ನನಗೆ ಒಲಿಯಲಿಲ್ಲ. ಇನ್ನು ಅಣಕಿಸುವುದಿಲ್ಲವೆಂದು ಅವರ ಮಗಳು ಚೈತನ್ಯಳಿಗೆ ಮಾತು ಕೊಟ್ಟಿದ್ದೆ. ಬೇಲೂರಿನ ಕಚೇರಿಯಲ್ಲಿ ವೈರ್‌ಲೆಸ್ ಆಪರೇಟರ್ ಅವಳು.

ಬೆಳಗಿನ ಹನ್ನೊಂದು ಗಂಟೆ. ಕಂಪ್ಯೂಟರಿನಲ್ಲಿ, ಸೆಟ್ಟು ಜೋಡಿಸಬೇಕಿದ್ದ ಸೀರಿಯಲ್ ಪೋರ್ಟಿನ ವೇಗವನ್ನು ಸೆಟ್ಟಿನ ವೇಗಕ್ಕೆ ಹೊಂದಿಸುತ್ತಿದ್ದೆ. ಕಿಟಕಿಯ ಬಿಸಿಲು ಬೀಳುತ್ತಿದ್ದರೂ ಸೆಟ್ಟು ಮಂಜಿನಂತೆ ಕೊರೆಯುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು.

"ಮಾತು ಕೊಟ್ಟು ಹಿಂಗ್ ಮಾಡ್ತೀರಾ ಸಾರ್?" ಚೈತನ್ಯ ಅಳುತ್ತಿದ್ದಳು. "ಅರ್ಧ ಗಂಟೆಯಿಂದ ಸೆಟ್ಟಲ್ಲಿ ಅಪ್ಪನ ದನೀಲಿ ಅದೇ, 'ತಿಂಡಿ ತಿಂದ್ಯಾ ಮಗಾ' ಅಂತ! ಕೊನೆಗೆ ಅಪ್ಪನ ಕೆಮ್ಮೂ ಕಲ್ತ್‌ಬಿಟ್ರಲ್ಲ!"

"ನಾನಲ್ಲ ಕಣಮ್ಮ," ಎಂದೆ. ನಂಬಲಿಲ್ಲ, ಇವತ್ತಿಗೂ ಮಾತು ಬಿಟ್ಟಿದ್ದಾಳೆ.

ಸೆಟ್ಟಿನ ಮೈಕೂ ಕರೆಂಟಿನ ಕೇಬಲ್ಲೂ ಆಗಿನ್ನೂ ನನ್ನ ಬ್ಯಾಗಿನಲ್ಲೇ ಇದ್ದವು.